ತಾಯಿಯ ಕಾಳಜ

ಅಕ್ಕನ ಮಗಳಿಗೆ ಆಗ ಆರು ವರ್ಷ. ಮೊಣಕೈ, ಮೊಣಕಾಲಿನ ಮೇಲೆ ಹಳದಿ ಗಂಟುಗಳೆದ್ದಿದ್ದವು. ಉದಗೀರದ ಚರ್ಮದ ಡಾಕ್ಟರು ಮುಲಾಮು ಬರೆಯಲಿಲ್ಲ, ರಕ್ತ ತಪಾಸಣೆಗೆ ಬರೆದರು. ಕೊಲೆಸ್ಟ್ರಾಲ್ ಎಂದಾಗ ಭಾವ ನಕ್ಕುಬಿಟ್ಟರು.

"ನಮ್ಮದು ಸ್ವಾಮಿಗೋಳ ಮನಿ ರೀ ಸಾಹೇಬ್, ತತ್ತೀನೂ ಮುಟ್ಟಂಗಿಲ್ಲ. ಕೂಸಿಗಿ ಚರಬಿ ಎಲ್ಲಿಂದ ಬರ್ತದ?"

ಹುಟ್ಟಿನಿಂದಲೇ ಬಂದಿತ್ತು. ಭಾವ ನಮ್ಮ ಸೋದರತ್ತೆಯ ಮಗ. ಅರ್ಧ ದೋಷ ಅವರಿಂದ, ಅರ್ಧ ಅಕ್ಕನಿಂದ. ಮಗಳಲ್ಲಿ ಅದು ಪೂರ್ತಿಯಾಗಿತ್ತು. ಗುಳಿಗೆಗಳಿಗೆ ಜಗ್ಗಲಿಲ್ಲ. ರಿಪೋರ್ಟು ಹಿಡಿದು ನಾನೂ ಭಾವನೂ ಪುಣೆಗೆ ಹೋದೆವು. ರಕ್ತದ ಕೊಲೆಸ್ಟ್ರಾಲ್ ತೆಗೆಯುವುದು ಲಿವರ್, ಹೃದಯದ ನಾಳ ಕಟ್ಟಿಕೊಳ್ಳುವ ಮೊದಲೇ ಅದನ್ನು ಬದಲಿಸಬೇಕು ಎಂದರು ಅಲ್ಲಿಯ ಡಾಕ್ಟರು.

ತಿರುಗಿ ಬಂದು ನಮ್ಮ ಉಮರ್ಗಾದಲ್ಲಿ ಬಸ್ಸಿಳಿದವರೇ ಭಾವ ಮನೆಗೆ ಬರದೆ ಮಠದ ಕಡೆ ನಡೆದರು. ಅಕ್ಕನಿಗೆ ಹೇಳುವ ಕೆಲಸ ನನಗೆ ಉಳಿಯಿತು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು, ನಿಲಂಗಾ ಕಾಲೇಜಿನಲ್ಲಿ, ಬಸ್ಸಿಗೆ ಜೋತುಬಿದ್ದು ಹೋಗಿಬಂದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಕೃತ್ತು ಎಂದೆ. ಅವಳಿಗೆ ತಿಳಿಯಲಿಲ್ಲ. ಕಾಳಜ ಎಂದುಬಿಟ್ಟೆ. ನಮ್ಮ ಕಡೆ ಲಿವರಿಗೂ ಅದೇ ಮಾತು, ಎದೆಯೊಳಗಿನ ಮಮತೆಗೂ ಅದೇ ಮಾತು.

"ಕಾಳಜ ಬದಲ್ ಮಾಡಿದ್ರ ಆಕಿ ನನಗ ಅವ್ವಾ ಅಂತಾಳಿಲ್ಲೋ, ತಮ್ಮಾ?"

"ಅಂತಾಳ, ಅಕ್ಕಾ. ಇದು ಹೊಟ್ಟ್ಯಾಗಿಂದು. ಒಂದ್ ತುಕಡಾ ಹಾಕಿದ್ರೂ ಬೆಳಿತದ."

"ಹಂಗಿದ್ರ ನಂದು ತಗೋರಿ. ಇವತ್ತs ಹೋಗಮು, ನಡಿ."

ಹೀಗೆ ಅನ್ನುತ್ತಾಳೆಂದು ಗೊತ್ತಿತ್ತು. ಬಸ್ಸು ಯೆಣೆಗೂರ ದಾಟುವಷ್ಟರಲ್ಲಿ ಉತ್ತರ ಕಟ್ಟಿಕೊಂಡಿದ್ದೆ. ಅದು ಡಾಕ್ಟರರ ಮರಾಠಿಯಲ್ಲಿತ್ತು. ಕನ್ನಡದಲ್ಲಿ ಬಾಯಿಗೆ ಬರಲೊಲ್ಲದು.

"ನಿಂದರಾಗೂ ಅದs ದೋಷ ಅದ. ಭಾವಂದರಾಗೂ ಅದ. ಡಾಕ್ಟರ್ ಬ್ಯಾಡಂದಾರ."

"ತಾಯಿ ಕಾಳಜ ಮಗಳಿಗಿ ನಡ್ಯಂಗಿಲ್ಲಂತಿ? ಇಷ್ಟ್ ಸಾಲಿ ಕಲ್ತು ಇದನ್ನs ಹೇಳಾಕ ಬಂದಿಯೇನು?"

ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಚೌಕ ಹಾಕಿ ಬರೆದವನು. ಪೂರ್ತಿ ಅಂಕ ಬಂದಿದ್ದವು.

ಮರುವಾರ ತಪಾಸಣೆಗೆ ನನ್ನ ರಕ್ತ ಕೊಟ್ಟುಬಂದೆ. ಕೊನೆಗೆ ನನ್ನ ಲಿವರಾದರೂ ಆಗಬಹುದೆಂಬ ಆಸೆ. ನನ್ನಲ್ಲೂ ಅದೇ ದೋಷ ಬಂತು. ಈಗ ಮಗುವಿನ ಹೆಸರು ಪುಣೆಯ ಪಟ್ಟಿಯಲ್ಲಿದೆ. ತೀರಿಹೋದ ಯಾರದೋ ಲಿವರ್ ಹೊಂದಬೇಕು. ಅಲ್ಲಿಯವರೆಗೆ ನಾವು ಮಾಡುವಂಥದ್ದು ಏನೂ ಇಲ್ಲ.

ನನ್ನ ರಿಪೋರ್ಟಿನ ಮಾತು ಹೇಳಿದಾಗ ಅಕ್ಕ ಬೈಯಲಿಲ್ಲ. ಮಗಳ ಅಂಗಿಯ ತೋಳನ್ನು ಎಳೆದು ಮೊಣಕೈ ಮುಚ್ಚುತ್ತ, "ನೀನೂ ನಮ್ಮಾಂವನs ಬಿಡು," ಎಂದಳು.