ಕುಂಟೆತ್ತಿನ ಕಾಲು

ಸುಡುವ ಬಿಸಿಲಿನಲ್ಲಿ ಉದ್ದ ಕೊಡೆ ಹಿಡಿದುಕೊಂಡು ನಾನು ಸವದತ್ತಿಯಲ್ಲಿ ಬಸ್ಸಿಳಿದದ್ದು ಜೂನ್ ತಿಂಗಳಲ್ಲಿ. ಹಿಂದಿನ ದಿನ ಕುಂದಾಪುರದಲ್ಲಿ ಬಸ್ಸು ಹತ್ತುವಾಗ ಸೀರೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಇಲ್ಲಿ ನೋಡಿದರೆ ಒಂದು ಚೂರು ಮೋಡವಿಲ್ಲ, ಕಪ್ಪು ನೆಲ ಬಾಯಿಬಿಟ್ಟು ಬಿದ್ದಿದೆ. ಹಳ್ಳಿಗೆ ಹೋಗುವ ಟೆಂಪೋದಲ್ಲಿ ಎದುರು ಕುಳಿತಿದ್ದ ಅಜ್ಜ ನನ್ನನ್ನೂ ಕೊಡೆಯನ್ನೂ ನೋಡಿ, "ಮಳಿ ಸಂಗಾಟ ತಂದೀರೇನ್ರಿ ಬಾಯಾರ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕೊಡೆ ತಂದದ್ದು ಇಲ್ಲಿ ನಾನು ಮಾಡಿದ ಮೊದಲ ತಪ್ಪು. ಎರಡನೆಯದು ನಗುವಂಥದ್ದಲ್ಲ. ಕುಂದಾಪುರದ ಕಡೆಯ ನಮ್ಮೂರಿನವರಾದ ನಿಮಗೆ ಯಾರಿಗೂ ಅದನ್ನು ಈವರೆಗೆ ಹೇಳಿಲ್ಲ.

ಹೂಲಿಯ ಆಚೆಗಿನ ಆ ಹಳ್ಳಿಯ ಕನ್ನಡ ಶಾಲೆಯಲ್ಲಿ ನನಗೆ ಐದನೆಯ ತರಗತಿ. ಗೌರವ್ವ ಎಂಬ ವಿಧವೆ ತನ್ನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ನಮ್ಮಲ್ಲಿ ಮನೆಯೆಂದರೆ ಹಂಚಿನ ಇಳಿಜಾರು ಮಾಡು. ಇಲ್ಲಿ ಸಪಾಟಾದ ಮಣ್ಣಿನ ಮಾಳಿಗೆ, ಅದರ ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತದೆ. ಕುಚ್ಚಲಕ್ಕಿ ಗಂಜಿಯ ಹೊಟ್ಟೆಗೆ ಜೋಳದ ರೊಟ್ಟಿ ಒಗ್ಗಲು ತಿಂಗಳೇ ಹಿಡಿಯಿತು. ನಾನು ತಟ್ಟಿದ ರೊಟ್ಟಿ ನೋಡಿ ಗೌರವ್ವ, "ಇದೇನ್ರಿ, ಭಾರತದ ನಕಾಶೆ ಮಾಡೀರಿ?" ಎನ್ನುತ್ತಿದ್ದಳು. ನಮ್ಮೂರಲ್ಲಿ ಮಕ್ಕಳು ಟೀಚರ್ ಎನ್ನುತ್ತವೆ, ಇಲ್ಲಿ ಅಕ್ಕೋರು. ಅಕ್ಕ ಅನ್ನಿಸಿಕೊಂಡದ್ದೇ ಆಯಿತು, ಮಕ್ಕಳ ಮನಸ್ಸೆಲ್ಲ ನನಗೆ ಗೊತ್ತು ಎಂದುಕೊಂಡುಬಿಟ್ಟೆ.

ತರಗತಿಯಲ್ಲಿ ಒಕ್ಕಲಿಗರ ಮಕ್ಕಳು, ನೇಕಾರರ ಮಕ್ಕಳು, ಮನೆಯಲ್ಲಿ ಉರ್ದು ಆಡುವವರು, ತಾಂಡಾದಿಂದ ನಡೆದು ಬರುವ ಲಂಬಾಣಿ ಮಕ್ಕಳು ಎಲ್ಲರೂ ಇದ್ದರು. ಓದು ಅರ್ಧ ಜನಕ್ಕೆ ಬರುತ್ತಿರಲಿಲ್ಲ, ಆದರೆ ಬಳಪ ಕೊಟ್ಟರೆ ಎಲ್ಲರೂ ಚಿತ್ರ ಬರೆಯುತ್ತಿದ್ದರು. ನನಗೆ ಚಿತ್ರಕಲೆಯ ತರಬೇತಿ ಬೇರೆ ಆಗಿತ್ತು. 'ಬಾಯಲ್ಲಿ ಆಡಲಾಗದ ನೋವನ್ನು ಮಗು ಕೈಯಲ್ಲಿ ಹೇಳುತ್ತದೆ' ಎಂದು ಅಲ್ಲಿ ಕೇಳಿದ ಮಾತನ್ನು ನೋಟ್ ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದುಕೊಂಡಿದ್ದೆ. ಅರೆಬರೆ ವಿದ್ಯೆ ತಲೆಗೇರಿತ್ತು, ಇನ್ನೇನು ಹೇಳಲಿ.

ಮೊದಲ ಬೆಂಚಿನಲ್ಲಿ ನೀಲವ್ವ ಕೂರುತ್ತಿದ್ದಳು. ಪೋಲಿಯೊದಿಂದ ಎಡಗಾಲು ಸಣಕಲಾಗಿತ್ತು. ಮೊಣಕಾಲಿಗೆ ಕೈಯೂರಿ ನಡೆಯುತ್ತಿದ್ದಳು. ದನಿ ಮಾತ್ರ ಇಡೀ ಓಣಿಗೆ ಕೇಳುವಂಥದ್ದು. ನಾನು ಆ ದನಿಯನ್ನು ಕೇಳಲಿಲ್ಲ, ಕಾಲನ್ನೇ ನೋಡುತ್ತಿದ್ದೆ.

ಹೋದ ಕೆಲವೇ ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಈ ಹಬ್ಬವಿಲ್ಲ. ಇಲ್ಲಿ ಮನೆಮನೆಯಲ್ಲಿ ಮಣ್ಣಿನಿಂದ ಎತ್ತು ಮಾಡಿ ಪೂಜಿಸುತ್ತಾರೆ. ಮರುದಿನ ನಿಮ್ಮ ಎತ್ತುಗಳನ್ನು ಶಾಲೆಗೆ ತನ್ನಿ, ಜೋಡಿಸಿ ಇಡೋಣ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಊರಿನ ನಾಲ್ಕಾರು ಹಿರಿಯರನ್ನೂ ಕರೆದಿದ್ದೆ. ಹತ್ತು ಹನ್ನೆರಡು ಎತ್ತು ಬಂದವು. ಎಲ್ಲಕ್ಕಿಂತ ಚೆಂದದ್ದು ನೀಲವ್ವನದು: ಕಣ್ಣಿಗೆ ಗುಲಗಂಜಿ, ಕೋಡಿಗೆ ಗೊಂಡೆ. ಆದರೆ ಮುಂದಿನ ಒಂದು ಕಾಲು ಮುರಿದಿತ್ತು. ಮುರಿದುಬಿದ್ದದ್ದಲ್ಲ, ಬೇಕೆಂದೇ ಮುರಿದದ್ದು.

ಎತ್ತನ್ನು ಅಂಗೈಯಲ್ಲಿಟ್ಟು ಎತ್ತಿ ಹಿಡಿದೆ. "ನೋಡಿ, ಈ ಮಗು ಮಣ್ಣಿನಲ್ಲಿ ತನ್ನ ಕಾಲನ್ನೇ ಮಾಡಿದ್ದಾಳೆ. ಇಷ್ಟು ದಿನ ಇವಳ ದುಃಖ ನಮಗ್ಯಾರಿಗೂ ಕಂಡಿರಲಿಲ್ಲ" ಎಂದೆ. ಕಣ್ಣಲ್ಲಿ ನೀರೂ ಬಂತು.

"ಅಕ್ಕೋರ, ಹಂಗಲ್ರಿ, ಅದು..." ಎಂದು ನೀಲವ್ವ ಎದ್ದು ನಿಂತಳು.

"ಏನೂ ಹೇಳಬೇಡ ಮಗೂ, ನನಗೆ ಎಲ್ಲಾ ಗೊತ್ತು" ಎಂದು ಅವಳನ್ನು ತಬ್ಬಿಕೊಂಡೆ.

ಹಿರಿಯರು ನೆಲ ನೋಡಿದರು. ನನ್ನ ತೋಳಿನೊಳಗೆ ಆ ಹುಡುಗಿ ಕಟ್ಟಿಗೆಯ ಹಾಗೆ ಸೆಟೆದು ನಿಂತಿದ್ದಳು. ಎಲ್ಲರ ಮನಸ್ಸು ಕರಗಿದೆ ಎಂದು ತಿಳಿದು ಹಿಗ್ಗಿನಿಂದ ಮನೆಗೆ ಬಂದೆ.

ಗೌರವ್ವ ಮೊರದಲ್ಲಿ ಜೋಳ ಇಟ್ಟುಕೊಂಡು ಹೊಸ್ತಿಲಲ್ಲಿ ಕುಳಿತಿದ್ದಳು. ಯಾರಿಗೆ ಎಂದು ಕೇಳಿದೆ.

"ಕುಂಟೆತ್ತಿನ ಹುಡುಗ್ರು ಬರ್ತಾರಲ್ರಿ. ಅಮಾಸಿ ಮರದಿನ ಒಂದು ಎತ್ತಿನ ಕಾಲು ಮುರದು, ಕುಂಟೆತ್ತು ಬಂದೈತಿ ಜ್ವಾಳಾ ನೀಡ್ರಿ ಅಂತ ಮನಿಮನಿ ತಿರಗತಾರ. ಎಲ್ಲಾ ಕೂಡಿ ಅಡಗಿ ಮಾಡ್ಕೊಂಡು ಉಣತಾವು. ನಮ್ಮ ನೀಲವ್ವಂದಽ ಮುಂದಾಳತನ. ಆಕಿ ದನಿ ಕೇಳಿದ್ರ ಜಿಪುಣರೂ ಜ್ವಾಳಾ ಹಾಕತಾರ ನೋಡ್ರಿ."

ಅಷ್ಟರಲ್ಲಿ ಮಕ್ಕಳು ಬಂದರು. ಎತ್ತನ್ನು ಹಿಡಿದು ಮುಂದೆ ನಿಂತವಳು ನೇಕಾರರ ಮನೆಯ ಶಾಂತಾ. ದನಿಯೇ ಏಳುತ್ತಿರಲಿಲ್ಲ.

"ನೀಲಿ ಎಲ್ಲಿ ಹ್ವಾದಳಲೇ?" ಎಂದು ಗೌರವ್ವ ಕೇಳಿದಳು.

ಶಾಂತಾ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. "ಆಕಿ ಬರೂದಿಲ್ಲಂತ. ಅದು ಆಕಿ ಕಾಲಂತ, ಅಕ್ಕೋರು ಹೇಳ್ಯಾರ."

ಅಷ್ಟು ವರ್ಷ ಆ ಊರಿನಲ್ಲಿ ಯಾರೂ ಎತ್ತಿನ ಕಾಲನ್ನೂ ಆ ಹುಡುಗಿಯ ಕಾಲನ್ನೂ ಜೋಡಿಸಿ ನೋಡಿರಲಿಲ್ಲ. ಜೋಡಿಸಿದವಳು ನಾನು. ಲಂಬಾಣಿ, ಸಾಬರು, ಒಕ್ಕಲಿಗರು ಎನ್ನದೆ ಮಕ್ಕಳೆಲ್ಲ ಅವಳ ಹಿಂದೆ ನಡೆಯುತ್ತಿದ್ದವು. ಎಲ್ಲ ಮಕ್ಕಳನ್ನು ಒಂದುಗೂಡಿಸುವುದು ಹೇಗೆಂದು ನಾನು ತರಬೇತಿಯಲ್ಲಿ ಕಲಿತು ಬಂದದ್ದನ್ನು ಅವಳು ಆಗಲೇ ಮಾಡುತ್ತಿದ್ದಳು. ಧೈರ್ಯ ತುಂಬಲು ಬಂದ ನಾನು ಇದ್ದದ್ದನ್ನೂ ಕಿತ್ತುಕೊಂಡೆ. ಆ ನಾಚಿಕೆ ಇವತ್ತಿಗೂ ಇಳಿದಿಲ್ಲ.

ಮಾರನೆಯ ದಿನ ಅವಳ ಮನೆಗೆ ಹೋದೆ. ತಾಯಿ ಕಂಬಳಿ ಹಾಸಿ, "ಕುಂದರ್ರಿ ಅಕ್ಕೋರ" ಎಂದು ಚಹಾ ಕೊಟ್ಟಳು. ತಪ್ಪಾಯಿತು ಎಂದು ನೀಲವ್ವನ ಮುಂದೆ ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು, "ಇರ್ಲಿ ಬಿಡ್ರಿ, ನಿಮಗ ಗೊತ್ತಿರಲಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದಾಚೆ ತರಗತಿಯಲ್ಲೂ ತಾನು ಏನು ಚಿತ್ರ ಬರೆದೆ ಎಂದು ಅವಳು ಹೇಳುವವರೆಗೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಅವಳು ಹೇಳುತ್ತಲೂ ಇರಲಿಲ್ಲ. ಮುಂದಿನ ವರ್ಷದ ಅಮಾವಾಸ್ಯೆಗೆ ತಾನಾಗಿಯೇ ಒಂದು ಎತ್ತು ತಂದು ಮೇಜಿನ ಮೇಲಿಟ್ಟಳು. ಅದೇ ಗುಲಗಂಜಿ ಕಣ್ಣು, ಅದೇ ಗೊಂಡೆ.

"ನೋಡ್ರಿ ಅಕ್ಕೋರ, ನಾಕೂ ಕಾಲು ಅದಾವು" ಎಂದಳು.

ಮರುದಿನ ಸಂಜೆಯೂ ಕುಂಟೆತ್ತು ಹಿಡಿದು ಬಂದವಳು ಶಾಂತಾ.

ಹತ್ತು ವರ್ಷವಾಯಿತು. ಈಗ ನನ್ನ ರೊಟ್ಟಿ ದುಂಡಗಾಗುತ್ತದೆ. ಊರಿಗೆ ಬಂದಾಗ ಬಾಯಲ್ಲಿ 'ಐತಿ' ನುಸುಳಿದರೆ ನೀವು ನಗುತ್ತೀರಿ, ಇಲ್ಲಿಯವರಿಗೆ ನಾನು ಇನ್ನೂ ಮಳೆ ಸೀಮೆಯ ಅಕ್ಕೋರು. "ಯಾವಾಗ ಇತ್ಲಾಗ್ ಬತ್ತೆ ಹೆಣೆ?" ಎಂದು ಊರಲ್ಲಿರುವ ನನ್ನಕ್ಕ ಪ್ರತಿ ಸಲ ಕೇಳುತ್ತಾಳೆ. ವರ್ಗಾವಣೆಯ ಅರ್ಜಿಯನ್ನು ಎರಡು ಬಾರಿ ಬರೆದು ಹರಿದೆ. ನೀಲವ್ವ ಮೇಜಿನ ಮೇಲಿಟ್ಟ ಆ ಎತ್ತು ಇನ್ನೂ ನನ್ನ ಹತ್ತಿರವಿದೆ. ಅದನ್ನು ಅಲ್ಲಿಗೆ ತರಲಾರೆ, ನಿಮ್ಮ ಮಳೆಗಾಲದ ಪಸೆಗೆ ಸುಡದ ಮಣ್ಣು ನಿಲ್ಲುವುದಿಲ್ಲ. ಇಲ್ಲೇ ಬಿಟ್ಟು ಬರಲೂ ಆಗುವುದಿಲ್ಲ. ಪ್ರತಿ ವರ್ಷ ಅಮಾವಾಸ್ಯೆಯ ಮರುದಿನ ಮೊರದಲ್ಲಿ ಜೋಳ ಇಟ್ಟುಕೊಂಡು ಹೊಸ್ತಿಲಲ್ಲಿ ಕೂರುತ್ತೇನೆ. ಮಕ್ಕಳು ಬರುತ್ತಾರೆ, ಜೋಳ ಹಾಕುತ್ತೇನೆ. ಅವರು ಓಣಿ ದಾಟಿ ಹೋದ ಮೇಲೂ ನೀಲವ್ವನ ದನಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ಅಲ್ಲೇ ಕುಳಿತಿರುತ್ತೇನೆ.