ಡ್ಯಾನ್ಯೂಬಿಗೆ ಮೊದಲು ನರಸೀಪುರ

ನಮ್ಮೂರು ತಾಂಡವಪುರದ ಗೇಟಿನ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಹಾಲು ಡೈರಿಗೆ ಹಾಕಿಬಂದ ಮೇಲೆ ನಾವು ಗಂಡ ಹೆಂಡತಿ ಬಸ್ಸಿಗೆ ಕಾದು ನಿಂತೆವು. ನನ್ನ ಕಾಲಿನಲ್ಲಿ ಯುರೋಪಿಗೆಂದು ಕೊಂಡ ಹೊಸ ಶೂ ಇತ್ತು. ಜಯಮ್ಮನ ಕೈಯಲ್ಲಿ ಮೊಬೈಲು ಇತ್ತು, ಅವಳ ಕಣ್ಣು ಮಾತ್ರ ನಮ್ಮ ಮನೆಯ ಕಡೆಗಿತ್ತು. ನಾವು ಹೊರಟಿದ್ದದ್ದು ತಿ. ನರಸೀಪುರಕ್ಕೆ, ನಂಜನಗೂಡಿಗೆ ಹೋಗಿ ಬಸ್ಸು ಬದಲಾಯಿಸಿದರೆ ಅಲ್ಲಿಂದ ಒಂದು ಗಂಟೆಯ ದಾರಿ. ಆದರೂ ನನ್ನ ಪಾಲಿಗೆ ಡ್ಯಾನ್ಯೂಬ್ ಯಾತ್ರೆ ಅವತ್ತೇ ಶುರುವಾಗಿತ್ತು.

ನಾನು ಸರ್ವೇಯರಾಗಿ ನಿವೃತ್ತನಾದವನು. ಸರ್ವೀಸು ಪೂರ್ತಿ ಊರವರ ಜಮೀನು ಅಳೆದು ಹದ್ದುಬಸ್ತು ಮಾಡುತ್ತ ತಾಲ್ಲೂಕಿನ ಬದುಗಳ ಮೇಲೆ ಅಲೆದೆ. ಒಂದು ಕಡೆ ಕೂತರೆ ಕಾಲು ತುರಿಸುವ ಜಾತಿ. ನಿವೃತ್ತಿಯಾದ ಮೇಲೆ ಮೈಸೂರಿನ ಒಂದು ಟ್ರಾವೆಲ್ಸಿನವರು ಕರೆದ ಸಭೆಗೆ ಸುಮ್ಮನೆ ಕಾಫಿ ಕುಡಿಯಲು ಹೋಗಿ, ನದಿಯ ಮೇಲೆ ಹಡಗಿನಲ್ಲಿ ಹೋಗುವ ಯುರೋಪ್ ಪ್ರವಾಸಕ್ಕೆ ಎರಡು ಸೀಟು ಬರೆಸಿ ಬಂದೆ. ಜರ್ಮನಿಯ ಪಾಸೌ ಎಂಬ ಊರಿನಲ್ಲಿ ಹಡಗು ಹತ್ತುವುದು, ವಿಯೆನ್ನಾ ದಾಟಿ ಬುಡಾಪೆಸ್ಟಿನಲ್ಲಿ ಇಳಿಯುವುದು. ರಾತ್ರಿ ಮಲಗಿದ ಕೋಣೆಯೇ ಬೆಳಿಗ್ಗೆ ಇನ್ನೊಂದು ಊರಿನಲ್ಲಿರುತ್ತದೆ ಎಂದು ಆ ಟ್ರಾವೆಲ್ಸಿನ ಹುಡುಗಿ ಹೇಳಿದ್ದು ಕೇಳಿಯೇ ನಾನು ಸೋತುಹೋಗಿದ್ದೆ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ವಿಯೆನ್ನಾದ ಮಳೆ ನೋಡುತ್ತೇನೆ, ಆಮೇಲೆ ನಮ್ಮ ಹೊಲದ ಮೋಡ. ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬಂದದ್ದಾಯಿತು. ಅಲ್ಲಿನ ಪ್ಲಗ್ಗಿಗೆ ಹೊಂದುವ ದುಂಡನೆ ಕಡ್ಡಿಯ ಪಿನ್ನು ಹುಡುಕಿ ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತಿದ್ದಾಯಿತು. ಪೆಟ್ಟಿಗೆ ತುಂಬುವುದು, ಮನೆಯ ತಕ್ಕಡಿಯಲ್ಲಿ ತೂಗುವುದು, ಚಟ್ನಿಪುಡಿ ತೆಗೆದು ಸ್ವೆಟರು ಹಾಕುವುದು, ಮತ್ತೆ ಸ್ವೆಟರು ತೆಗೆದು ಚಟ್ನಿಪುಡಿ ಹಾಕುವುದು. ಬೇಸಿಗೆಯಲ್ಲಿ ಡ್ಯಾನ್ಯೂಬಿನಲ್ಲೂ ನೀರು ಇಳಿಯುತ್ತದಂತೆ, ಆಗ ಹಡಗು ನಿಲ್ಲಿಸಿ ಬಸ್ಸಿನಲ್ಲಿ ಕರೆದೊಯ್ಯುತ್ತಾರಂತೆ. ಇದನ್ನು ಕೇಳಿದ ಮೇಲೆ ಆ ನದಿಯ ಮಟ್ಟವನ್ನೂ ದಿನಾ ನೋಡತೊಡಗಿದೆ.

ಇಷ್ಟೆಲ್ಲ ಮಾಡಿದರೂ ಒಂದು ವಿಷಯ ನನ್ನ ಕೈಯಲ್ಲಿರಲಿಲ್ಲ. ಅದು ನಮ್ಮ ಕೊಟ್ಟಿಗೆಯ ಹಸು, ಬೆಳ್ಳಿ. ಮೊದಲನೇ ಸೂಲಿನ ಕರು ಹಾಕಿದಾಗಿನಿಂದಲೂ ಅದು ಜಯಮ್ಮನ ಕೈಗೆ ಬಿಟ್ಟರೆ ಇನ್ನೊಬ್ಬರಿಗೆ ಹಾಲು ಇಳಿಸಿಲ್ಲ. ನಾನು ಒಮ್ಮೆ ಕೂತು, ಬಕೆಟ್ಟಿನ ಸಮೇತ ಗಂಜಲದಲ್ಲಿ ಬಿದ್ದಿದ್ದೇನೆ. ಹಾಲು ಕರೆಯುವ ಮೆಷಿನ್ನು ತಂದರೆ ಅದನ್ನೂ ಒದ್ದಿತು. ಹಾಲು ಇಳಿಸದೆ ಕೆಚ್ಚಲು ಬಾತರೆ ಹಸುವೇ ಹಾಳಾಗುತ್ತದೆ. ಹಾಗಾಗಿ ಜಯಮ್ಮ ಎಲ್ಲಿಗೇ ಹೋಗಲಿ, ಸಂಜೆ ಕರೆಯುವ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಮದುವೆ ಮನೆಯಿಂದ ಊಟ ಮುಗಿಸಿ ಕೈ ಒರೆಸುತ್ತಲೇ ಬಸ್ಸು ಹತ್ತುವವಳು ಅವಳು. ಯುರೋಪಿನ ಮಾತೆತ್ತಿದಾಗಲೆಲ್ಲ ಅವಳದು ಒಂದೇ ಉತ್ತರ.

"ನೀವು ಓಗ್ಬನ್ನಿ ಕಣ್ರೀ. ಬೆಳ್ಳಿ ಯಾರ್ ನೋಡ್ತಾರೆ?"

ನಮ್ಮ ಕಡೆ ಇದಕ್ಕೊಂದು ಉಪಾಯವುಂಟು. ಕರೆಯುವವಳ ಹಳೇ ಸೀರೆಯನ್ನು ಒಗೆಯದೆ ಇನ್ನೊಬ್ಬಳು ಉಟ್ಟು ಕೂತರೆ, ವಾಸನೆಗೆ ಹಸು ಮೋಸ ಹೋಗುತ್ತದೆ. ಪಕ್ಕದ ಮನೆಯ ಸೊಸೆ ರತ್ನ ಒಪ್ಪಿಕೊಂಡಳು. ಜಯಮ್ಮನ ಸೀರೆ ಉಟ್ಟು, ಅವಳ ಬಳೆ ತೊಟ್ಟು, ಅವಳ ಹಾಗೆಯೇ "ಬಾ ಮಗಾ" ಎನ್ನುತ್ತ ಒಂದು ವಾರ ಅಭ್ಯಾಸ ಮಾಡಿದಳು. ಜಯಮ್ಮ ಕಂಬಕ್ಕೆ ಒರಗಿ ನಿಂತು ಹೇಳಿಕೊಡುತ್ತಿದ್ದಳು. ಬೆಳ್ಳಿ ಕತ್ತು ತಿರುಗಿಸಿ ನಿಜವಾದ ಜಯಮ್ಮನನ್ನು ನೋಡುವುದು, ಕಾಲು ಎತ್ತುವುದು. ಕೊನೆಗೆ ನಾನೇ ಹೇಳಿದೆ: ನರಸೀಪುರದಲ್ಲಿರುವ ನಿನ್ನ ತಂಗಿ ಮಾದೇವಮ್ಮನ ಮನೆಯಲ್ಲಿ ಒಂದು ರಾತ್ರಿ ಇದ್ದು ಬರೋಣ. ಹಸು ಹಾಲು ಕೊಟ್ಟರೆ ಯುರೋಪು, ಕೊಡದಿದ್ದರೆ ನಿನ್ನ ಸೀಟು ವಾಪಸು. ಅವಳು ಬೇಗ ಒಪ್ಪಿದಳು. ಕೊಡುವುದಿಲ್ಲವೆಂದು ಅವಳಿಗೆ ಅಷ್ಟು ನಂಬಿಕೆಯಿತ್ತು.

ನಂಜನಗೂಡಿನಲ್ಲಿ ಇಡ್ಲಿ ತಿಂದು ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದೆವು. ಜಯಮ್ಮನಿಗೆ ಸರ್ಕಾರದ ಉಚಿತ ಟಿಕೆಟ್ಟು, ನನಗೆ ಪೂರಾ ದರ. ಶ್ರಾವಣದ ಬಿಸಿಲು, ನಡುನಡುವೆ ಸೋನೆ. ನಾಲೆಯಲ್ಲಿ ನೀರು ಬಿಟ್ಟಿದ್ದರಿಂದ ದಾರಿಯುದ್ದಕ್ಕೂ ನಾಟಿ ನಡೆದಿತ್ತು. ಸುತ್ತೂರಿನಲ್ಲಿ ಶಾಲೆಯ ಮಕ್ಕಳು ನುಗ್ಗಿ ಹತ್ತಿ, ನನ್ನ ಬಿಳಿ ಶೂ ತುಳಿದು ಕೆಸರು ಮಾಡಿದವು. ಕಿಟಕಿಯ ಆಚೆ ಕಪಿಲೆ ಮರಗಳ ಸಂದಿಯಲ್ಲಿ ಕಂಡು ಮರೆಯಾಗುತ್ತಿತ್ತು. ನಾನು ಹಡಗಿನ ಕೋಣೆಯ ಕಿಟಕಿಯೂ ಹೀಗೇ ಇರುತ್ತದೆ, ಮಂಚದ ಮೇಲೆ ಕೂತೇ ನದಿ ನೋಡಬಹುದು ಎಂದು ವಿವರಿಸಿದೆ.

"ರತ್ನ ಬೂಸ ನೆನೆಸಾಕಿದ್ಲೋ ಇಲ್ವೋ," ಎಂದಳು ಜಯಮ್ಮ.

ಮಾದೇವಮ್ಮ ಅಕ್ಕನನ್ನು ಕಂಡವಳೇ ಕೈಚೀಲ ಕಿತ್ತುಕೊಂಡು ಒಳಗೆ ಬಚ್ಚಿಟ್ಟಳು. ಬೆಳ್ಳಿ ಹಾಲು ಕೊಡತೊಡಗಿದ ಮೇಲೆ ಅಕ್ಕ ಆ ಮನೆಯಲ್ಲಿ ಒಂದು ರಾತ್ರಿಯೂ ನಿಂತವಳಲ್ಲ. ಮುದ್ದೆ, ಅವರೆಕಾಳು ಸಾರು, ಮೇಲೆ ಪಾಯಸ. ಮಧ್ಯಾಹ್ನವೆಲ್ಲ ಚೆನ್ನಾಗಿಯೇ ಕಳೆಯಿತು. ಬಿಸಿಲು ಇಳಿಯುತ್ತಿದ್ದಂತೆ ಜಯಮ್ಮನ ಚಡಪಡಿಕೆ ಶುರುವಾಯಿತು. ಎದ್ದಳು, ಕೂತಳು, ಬಾಗಿಲಿಗೆ ಹೋದಳು. ಬೀದಿಯ ಆಚೆ ಯಾರೋ ಹಸು ಕರೆಯಲು ಕೂತಿದ್ದರು.

"ಕೆಚ್ಚಲು ಸರಿಯಾಗಿ ತೊಳಿದೆ ಕೂತ್ಕಂಡವ್ರೆ," ಎಂದು ಅಲ್ಲಿಂದಲೇ ತೀರ್ಪು ಕೊಟ್ಟಳು.

ರತ್ನನಿಗೆ ಫೋನು ಮಾಡಿದಳು. ಸ್ಪೀಕರಿನಲ್ಲಿ ನಾವೆಲ್ಲ ಕೇಳಿದೆವು.

"ಕರ್ದಾ?"

"ಊಂ ಅತ್ತೆ, ಕರ್ದೆ."

"ಒದೀನಿಲ್ವಾ?"

"ಇಲ್ಲ ಅತ್ತೆ. ಡೈರಿಗೂ ಆಕ್ಬಂದೆ."

ಜಯಮ್ಮ ಫೋನು ಇಟ್ಟು ನಮ್ಮ ಕಡೆ ತಿರುಗಿದಳು. "ಸುಳ್ಳೇಳ್ತಾವ್ಳೆ. ನಾವು ಗಾಬ್ರಿ ಆಯ್ತೀವಿ ಅಂತ."

ಅವಳು ಆಗಲೇ ಹೊರಡಲು ಸಿದ್ಧಳಾದಳು. ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ನಾನು ರೇಗಿದೆ. ಒಂದು ರಾತ್ರಿ ಪೂರ್ತಿಯಾಗದೆ ಪರೀಕ್ಷೆ ಹೇಗಾಗುತ್ತದೆ? ಮಾದೇವಮ್ಮ ನನ್ನ ಹಾಗೆ ರೇಗಲಿಲ್ಲ. ಹಜಾರದ ಪಕ್ಕದ ಕೋಣೆಯ ಬಾಗಿಲು ತೆರೆದು ಹಾಸಿಗೆ ಬಿಡಿಸುತ್ತ ಹೇಳಿದಳು.

"ಅವ್ವ ಮಲಗ್ತಿದ್ದ ರೂಮು ಅಕ್ಕ. ಆವಾಗ್ಲೂ ನೀನು ಇಂಗೇ ಬಸ್ಸು ಬಸ್ಸು ಅಂತಿದ್ದೆ. ಇವತ್ತಾದ್ರೂ ಇರು."

ನಮ್ಮತ್ತೆ ಕೊನೆಗಾಲದಲ್ಲಿ ಈ ಮನೆಯಲ್ಲಿದ್ದರು. ನಾಲ್ಕು ವರ್ಷವಾಯಿತು. ಜಯಮ್ಮ ದಿನಾ ಬೆಳಿಗ್ಗೆ ಬರುತ್ತಿದ್ದಳು, ಮೈ ಒರೆಸಿ, ಗಂಜಿ ಕುಡಿಸಿ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಬೆಳ್ಳಿ ಆಗಷ್ಟೇ ಮೊದಲ ಕರು ಹಾಕಿತ್ತು. ಅತ್ತೆ ತೀರಿಹೋದದ್ದು ಒಂದು ರಾತ್ರಿ. ಸುದ್ದಿ ಬಂದಾಗ ಜಯಮ್ಮ ಊರಿನಲ್ಲಿದ್ದಳು.

"ಬೆಳ್ಳಿ ಇನ್ಯಾರ್ಗೂ ಬುಡ್ತಿರ್ನಿಲ್ಲ ಕಣೆ, ಏನ್ಮಾಡ್ಲಿ," ಎಂದಳು ಜಯಮ್ಮ.

"ನಾನೇನ್ ಬೈದ್ನಾ? ಅವ್ವನೂ ಬೈಯ್ಯಲಿಲ್ಲ. ಅಸ ಕಟ್ಟಿರೋಳು, ಓಗ್ಲಿ ಬುಡು ಅಂತಿದ್ಲು."

ಅಂತೂ ಅವಳು ರಾತ್ರಿ ಅಲ್ಲೇ ಉಳಿದಳು. ಬೆಳಿಗ್ಗೆ ನಾನೇ ಒತ್ತಾಯ ಮಾಡಿ ಜಯಮ್ಮನನ್ನು ಸಂಗಮಕ್ಕೆ ಕರೆದೊಯ್ದೆ. ಪಾಸೌನಲ್ಲೂ ಮೂರು ನದಿ ಸೇರುತ್ತವಂತೆ, ಇಲ್ಲಿಯೂ ಮೂರು. ನಮ್ಮ ಮೂರನೆಯದು ಗುಪ್ತಗಾಮಿನಿ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಪ್ರವಾಹ ಇಳಿದಿತ್ತು. ತೆಪ್ಪದವನು ಬೀಡಿ ಎಸೆದು ಕೈ ಹಿಡಿದು ಹತ್ತಿಸಿಕೊಂಡ. ಕಾಲಿಗೆ ಹದವಾಗಲೆಂದು ಕುಂಟುತ್ತಲೇ ಹಾಕಿಕೊಂಡಿದ್ದ ನನ್ನ ಹೊಸ ಶೂ ಬಿಚ್ಚಿಸಿದ. ನಾನು ಅವನಿಗೂ ಹಡಗಿನ ಕಥೆ ಹೇಳಿದೆ: ಮೂರು ಅಂತಸ್ತು, ಮೇಲೆ ಕುರ್ಚಿ, ಒಳಗೆ ಕೋಣೆ.

"ಊಟನೂ ಅವ್ರೇ ಕೊಡ್ತಾರಾ ಸಾ?"

"ಮೂರು ಹೊತ್ತೂ."

"ಅಂಗಾರೆ ಇಳಿಯಾದ್ಯಾಕೆ ಸಾ," ಎಂದು ತೆಪ್ಪವನ್ನು ನಡುನೀರಿಗೆ ತಳ್ಳಿದ.

ಕಪಿಲೆಯ ನೀರೂ ಕಾವೇರಿಯ ನೀರೂ ಸೇರುವಲ್ಲಿ ತೆಪ್ಪ ಗಿರಗಿರನೆ ಸುತ್ತಿತು. ಹಡಗಿನಲ್ಲಿ ಬುಡಾಪೆಸ್ಟ್‌ವರೆಗೂ ಹೋಗಲಿದ್ದ ನಾನು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ. ಕಿವಿಗೆ ನಗು ಕೇಳಿಸಿತು. ಕಣ್ಣು ಬಿಟ್ಟರೆ ಜಯಮ್ಮ ನೀರಿನಲ್ಲಿ ಕೈ ಆಡಿಸುತ್ತ ನಗುತ್ತಿದ್ದಳು. ಮೊಬೈಲು ಸೀರೆಯ ಮಡಿಲಿನಲ್ಲಿ ಬಿದ್ದಿತ್ತು. ಅವಳನ್ನು ಹೀಗೆ ನೋಡಿ ಎಷ್ಟು ಕಾಲವಾಗಿತ್ತೋ. ನನಗೆ ಆ ಕ್ಷಣ ಅವಳಿಲ್ಲದೆ ಯುರೋಪಿಗೆ ಹೋಗುವ ಆಸೆಯೇ ಇಲ್ಲವೆನ್ನುವುದು ಖಚಿತವಾಯಿತು.

"ಅಲ್ಲೂ ಇಂಗೇ ಇರ್ತದಾ?" ಎಂದು ಕೇಳಿದಳು.

"ಇದಕ್ಕಿಂತ ಅಗಲ," ಎಂದೆ. ಕಣ್ಣಾರೆ ಕಂಡವನ ಹಾಗೆ.

ದಡಕ್ಕೆ ಬಂದದ್ದೇ ಅವಳು ಮತ್ತೆ ಫೋನು ಮಾಡಿದಳು. ರತ್ನ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು, ಎತ್ತಲಿಲ್ಲ. ಮುಗಿಯಿತು. ಮಾದೇವಮ್ಮ ಮಾಡಿಟ್ಟಿದ್ದ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಸಿಕೊಂಡು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿ ನೋಡಲಿಲ್ಲ. ಬೆಳ್ಳಿ ಹಾಲು ಇಳಿಸಿರುವುದಿಲ್ಲ, ಕೆಚ್ಚಲು ಕಲ್ಲಾಗಿರುತ್ತದೆ, ಡಾಕ್ಟರನ್ನು ಕರೆಸಬೇಕು. ಒಳಗೊಳಗೇ ನಾನೂ ಒಪ್ಪಿಕೊಂಡಿದ್ದೆ. ನನ್ನ ತಲೆಯಲ್ಲಿ ಸೀಟು ವಾಪಸು ಮಾಡುವ ಲೆಕ್ಕ ಓಡುತ್ತಿತ್ತು, ನನ್ನದನ್ನೂ ಸೇರಿಸಿ. ನಂಜನಗೂಡಿನಲ್ಲಿ ಬಸ್ಸು ಬರಲು ತಡವಾದಾಗ ಆಟೋ ಮಾಡಿಕೊಂಡು ಊರು ಸೇರಿದೆವು.

ಜಯಮ್ಮ ಮನೆಯೊಳಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ನೇರ ಕೊಟ್ಟಿಗೆಗೆ ನಡೆದಳು. ಬೆಳ್ಳಿ ಮಲಗಿ ಮೆಲುಕು ಹಾಕುತ್ತಿತ್ತು. ಎಬ್ಬಿಸಿ ಕೆಚ್ಚಲು ಮುಟ್ಟಿದಳು, ಒಂದೊಂದು ಮೊಲೆಯನ್ನೂ ಹಿಂಡಿ ನೋಡಿದಳು. ಕೆಚ್ಚಲು ಮೆತ್ತಗಿತ್ತು. ಬಾವಿಲ್ಲ, ಗಂಟಿಲ್ಲ. ಅಷ್ಟರಲ್ಲಿ ರತ್ನ ಹುಲ್ಲಿನ ಕಟ್ಟು ಹೊತ್ತು ಬಂದಳು. ಮೈಮೇಲೆ ನೈಟಿ, ಅದರ ಮೇಲೊಂದು ಟವೆಲು.

"ಬಂದ್ಬುಟ್ರಾ ಅತ್ತೆ? ಫೋನು ಮನೇಲಿ ಬುಟ್ಟು ಗದ್ದೆ ತಾವ ಓಗಿದ್ದೆ."

"ಸೀರೆ ಎಲ್ಲಿ?"

"ಉಟ್ಕಳ್ನಿಲ್ಲ ಅತ್ತೆ. ನೆನ್ನೆ ಸಂಜೆ ಅವಸರದಲ್ಲಿ ಮರ್ತು ಇಂಗೇ ಕೂತ್ಬುಟ್ಟೆ. ಒದೀತದೆ ಅಂತ ಇದ್ರೆ, ಸುಮ್ಕೆ ನಿಂತ್ಕತು. ಬೆಳಿಗ್ಗೆನೂ ಅಂಗೇ. ನೀವಿದ್ರೇ ನಿಮ್ಮ ಕಡೆ ನೋಡ್ಕಂಡು ಆಟ ಕಟ್ತಿತ್ತು ಅನ್ಸತ್ತೆ."

ನಾನು ಖುಷಿಯಿಂದ ಜಯಮ್ಮನ ಕಡೆ ತಿರುಗಿದೆ. ಅವಳು ಹಸುವಿನ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಳು. ಬೆಳ್ಳಿ ಅವಳ ಸೆರಗನ್ನು ಮೂಸಿತು. ಅವಳು ಕೈ ತೆಗೆದುಬಿಟ್ಟಳು.

"ಅಂಗಾದ್ರೆ ಅವ್ವ ಮಲಗಿದ್ದಾಗ್ಲೂ ಕೊಡ್ತಿತ್ತು," ಎಂದಳು.

ಆಗ ಅದಕ್ಕೆ ಮೊದಲ ಸೂಲು, ಆಗಿನ ಮಾತು ಬೇರೆ, ಒದ್ದೇ ಒದೆಯುತ್ತಿತ್ತು ಎಂದು ನಾನು ಸಮಾಧಾನ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜವೋ ಸುಳ್ಳೋ ತಿಳಿಯಲಿಲ್ಲ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಅಂದು ಸಂಜೆ ಕರೆಯಲು ಅವಳೇ ಕೂತಳು. ಬಾ ಮಗಾ ಅನ್ನಲಿಲ್ಲ. ಹಾಲು ಎಂದಿನಷ್ಟೇ ಬಂತು. ನಾನು ಪ್ರವಾಸದ ಸುದ್ದಿ ಎತ್ತುವ ಧೈರ್ಯ ಮಾಡಲಿಲ್ಲ. ಪೆಟ್ಟಿಗೆಯನ್ನು ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ತಳ್ಳಿದೆ.

ಮರುದಿನ ನಾನು ಹಾಲು ಡೈರಿಗೆ ಹಾಕಿ ಬರುವಷ್ಟರಲ್ಲಿ ಜಯಮ್ಮ ಕೈಚೀಲ ಹಿಡಿದು ಜಗುಲಿಯ ಮೇಲೆ ನಿಂತಿದ್ದಳು. ಯಾವ ಊರಿಗೆ ಎಂದೆ.

"ಮಾದೇವಿ ಮನೆಗೆ."

"ನಿನ್ನೆ ತಾನೆ ಅಲ್ಲಿಂದ ಬಂದದ್ದು?"

"ನೆನ್ನೆ ಬೆಳ್ಳಿ ನೋಡಕ್ಕೆ ಬಂದೆ. ಅವ್ವನ ರೂಮಲ್ಲಿ ಮಲಗಿದ್ರೂ ಕಣ್ಣು ಮುಚ್ಚನಿಲ್ಲ, ಬರೀ ಅಸನ್ನೇ ನೆನೆಸ್ಕಂಡಿದ್ದೆ. ಒಂದ್ ವಾರ ಇದ್ದು ಬತ್ತೀನಿ. ರತ್ನಂಗೆ ಏಳಿವ್ನಿ."

ಗೇಟಿನವರೆಗೆ ನಾನೂ ಹೋದೆ. ಬಸ್ಸಿನ ಸದ್ದು ದೂರದಲ್ಲಿ ಕೇಳಿಸಿತು. ತಡೆಯಲಾರದೆ ಕೇಳಿಯೇಬಿಟ್ಟೆ.

"ಯುರೋಪಿಗೆ ಬರ್ತೀಯಾ?"

"ಬತ್ತೀನಿ ಕಣ್ರೀ," ಎಂದಳು. "ಬರಲ್ಲ ಅನ್ನಕ್ಕೆ ಇನ್ನೇನದೆ ನನ್ನ ತಾವ."

ಬಸ್ಸು ಬಂತು. ಅವಳು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ನಾನು ಬಯಸಿದ್ದು ಆ ಉತ್ತರವೇ, ತಿಂಗಳುಗಟ್ಟಲೆ ಅದಕ್ಕಾಗಿಯೇ ನಿದ್ದೆ ಕೆಟ್ಟಿದ್ದೆ. ಬಸ್ಸು ಹೊರಟಾಗ ಕೈ ಬೀಸಿದೆ, ಅವಳು ನೋಡಲಿಲ್ಲ. ಮನೆಗೆ ಬಂದೆ. ಅಂದು ಬೆಳಿಗ್ಗೆ ನಾನು ವಿಯೆನ್ನಾದ ಮಳೆ ನೋಡಲಿಲ್ಲ.