ಎತ್ತಿನ ಸಾವಿಗೆ ಬಂದ ಎಂಪಿ

ಪ್ರಭುರಾಜಪ್ಪನವರು ಕಾರಟಗಿಯ ಅಕ್ಕಿ ವ್ಯಾಪಾರದ ಮನೆತನದವರು. ಲೋಕಸಭೆಗೆ ಮೊದಲ ಸಲ ನಿಂತಾಗ ಸೋತರು. ಆಮೇಲೆ ಸತತ ನಾಲ್ಕು ಸಲ ಗೆದ್ದರು. ಪಂಚಾಂಗ ನೋಡದೆ ನಾಮಪತ್ರ ಸಲ್ಲಿಸಿದವರಲ್ಲ. ಹಿರಿಯರ ಪದ್ಧತಿ ಬಿಡಬಾರದು ಎಂಬುದನ್ನು ಬಿಟ್ಟು ಬೇರೆ ಭಾಷಣ ಮಾಡಿದವರೂ ಅಲ್ಲ. ಸಂಸತ್ತಿನಲ್ಲಿ ಅವರ ಧ್ವನಿ ಕೇಳಿದವರು ಕಡಿಮೆ.

ಆದರೆ ಗಂಗಾವತಿಯಿಂದ ಕುಷ್ಟಗಿಯವರೆಗೆ ಯಾರ ಮನೆಯಲ್ಲಿ ಸಾವಾದರೂ ಮಾತಾಡಿಸಲು ಬರುತ್ತಿದ್ದರು. ಕಂಬಳಿಯ ಮೇಲೆ ಸುಮ್ಮನೆ ಕೂಡುತ್ತಿದ್ದರು. ಏಳುವಾಗ ‘ಬರ್ತೀನಿ’ ಎನ್ನುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಚಹಾ ಕುಡಿಯದೆ, ಹೇಳದೆ ಎದ್ದು ಹೋಗುವುದೇ ಪದ್ಧತಿ. ಇದೆಲ್ಲ ಓಟಿನ ಲೆಕ್ಕ ಎಂದು ವಿರೋಧಿಗಳು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಒಮ್ಮೆ ಡ್ರೈವರ್ ಅಯ್ಯಪ್ಪ, ಯಲಬುರ್ಗಾ ಹತ್ತಿರದ ಹಳ್ಳಿಯ ಬಾಲಪ್ಪನ ಮನೆಯಲ್ಲಿ ಸಾವಾಗಿದೆ, ಭಜನೆ ನಡೆದಿದೆ ಎಂಬ ಸುದ್ದಿ ತಂದ. ಬಾಲಪ್ಪ ಎದುರು ಪಕ್ಷದ ಕಟ್ಟಾಳು. ಆದರೂ ಹಾರ ತರಿಸಿಕೊಂಡು ಹೊರಟರು. ಹೋಗಿ ನೋಡಿದರೆ ಬಾಲಪ್ಪ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ಸತ್ತದ್ದು ಅವನ ಎತ್ತು. ದುಡಿದ ಎತ್ತನ್ನು ಈ ಎರೆಹೊಲದ ಊರುಗಳಲ್ಲಿ ಭಜನೆ ಮಾಡಿಸಿ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಸತ್ತವರು ಯಾರೆಂದು ಅಯ್ಯಪ್ಪ ಕೇಳಿರಲಿಲ್ಲ.

ಸುತ್ತ ನಿಂತವರು ನಗು ತಡೆದುಕೊಂಡರು. ಪ್ರಭುರಾಜಪ್ಪ ಒಂದು ಗಳಿಗೆ ಹಾರ ಹಿಡಿದು ನಿಂತವರು, ಎಲ್ಲಿ ಮಣ್ಣು ಮಾಡಿದ್ದೀರಿ ಎಂದು ಕೇಳಿ ಹೊಲಕ್ಕೆ ಹೋದರು. ಗುಡ್ಡೆಯ ಮೇಲೆ ಹಾರ ಹಾಕಿ ಬದುವಿನಲ್ಲಿ ಕೂತರು.

“ಎತ್ತಿಗೆ ಓಟಿಲ್ಲರಿ ಸಾಹುಕಾರ್ರ,” ಎಂದ ಬಾಲಪ್ಪ.

“ಅದರ ಮಾಲಕಂದೂ ನನಗ ಬರೂದಿಲ್ಲ. ಅದಕ್ಕ ಆರಾಮ ಕುಂತೀನಿ.”

ಎದ್ದಾಗ ‘ಬರ್ತೀನಿ’ ಎನ್ನಲಿಲ್ಲ. ಬಾಲಪ್ಪನಿಗೆ ಅದು ಮನಸ್ಸಿನಲ್ಲಿ ಉಳಿಯಿತು. ಓಟು ಮಾತ್ರ ಮುಂದಿನ ಸಲವೂ ಹಾಕಲಿಲ್ಲ.

ಐದನೆಯ ಗೆಲುವಿಗೆ ನಿಂತಾಗ ಪ್ರಭುರಾಜಪ್ಪ ಸೋತರು. ಹುಟ್ಟಿದೂರು ಕಾರಟಗಿಯಲ್ಲೇ ಓಟು ಕಡಿಮೆ ಬಿದ್ದದ್ದು ಅವರನ್ನು ಹೆಚ್ಚು ನೋಯಿಸಿತು. ಹೊರಗೆ ಬರುವುದನ್ನೇ ಬಿಟ್ಟರು. ಅಷ್ಟರಲ್ಲಿ ಕುಷ್ಟಗಿಯ ಪಕ್ಕೀರಪ್ಪ ತೀರಿಕೊಂಡ. ಮೊದಲ ಸೋಲಿನಿಂದಲೂ ಜೊತೆಗಿದ್ದ ಕಾರ್ಯಕರ್ತ ಅವನು. ಅಯ್ಯಪ್ಪ ಕಾರು ಒರೆಸಿ ನಿಲ್ಲಿಸಿದ. ಸೋತ ಮುಖ ತೋರಿಸಲು ಯಾಕೆ ಹೋಗಬೇಕು, ಈಗ ನನ್ನ ದಾರಿ ಯಾರು ಕಾಯುತ್ತಾರೆ ಎಂದು ಇವರು ಏಳಲಿಲ್ಲ. ದಿವಸದ ಕಾರ್ಯ ಹತ್ತಿರ ಬಂದರೂ ಕಾರು ಹಾಗೇ ನಿಂತಿತ್ತು. ಅವನ ಮನೆಗೂ ಹೋಗದೆ ಉಳಿದರೆ ಈ ಮನುಷ್ಯ ಮತ್ತೆ ಹೊಸ್ತಿಲು ದಾಟುವುದಿಲ್ಲ ಎಂದು ಹೆಂಡತಿ ವಿರೂಪಾಕ್ಷಮ್ಮ ಹೆದರಿದರು.

ಒಂದು ಬೆಳಿಗ್ಗೆ, ಬಸ್ಸು ಬದಲಿಸಿಕೊಂಡು ಬಾಲಪ್ಪ ಬಂದ. ನಡುಮನೆಯಲ್ಲಿ ನೆಲದ ಮೇಲೆ ಕೂತ. ವಿರೂಪಾಕ್ಷಮ್ಮ ಚಹಾ ತಂದರೆ ಕೈ ಅಡ್ಡ ಹಿಡಿದ; ಅವರು ಅದನ್ನು ಅಲ್ಲೇ ಇಟ್ಟು ಹೋದರು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

“ಈ ಸಲನರ ನನಗ ಹಾಕಿದ್ಯೇನು?” ಪ್ರಭುರಾಜಪ್ಪನವರೇ ಕೇಳಿದರು.

“ಇಲ್ಲರಿ. ಹಾಕೂದೂ ಇಲ್ಲ.”

ಸ್ವಲ್ಪ ಹೊತ್ತಿಗೆ ಬಾಲಪ್ಪ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಬಾಗಿಲ ಕಡೆ ನಡೆದ.

“ಬಾಲಪ್ಪ, ಹೇಳಿ ಹೋಗಪ. ಇಲ್ಲಿ ಯಾರೂ ಸತ್ತಿಲ್ಲ.”

ಬಾಲಪ್ಪ ಹೊಸ್ತಿಲಲ್ಲಿ ನಿಂತ. “ಸತ್ತಾಂವ ಕುಷ್ಟಗ್ಯಾಗ ಅದಾನ್ರಿ. ನನ್ನ ಎತ್ತಿಗಿ ಬಂದವ್ರು ಪಕ್ಕೀರಪ್ಪಗ ಹೋಗಿಲ್ಲಂದ್ರ, ಇದನ್ನೂ ಸಾವಿನ ಮನಿ ಅಂತ ತಿಳ್ಕೊಂಡ್ನಿ.”

ಪ್ರಭುರಾಜಪ್ಪ ಎದ್ದು ಮುಖ ತೊಳೆದುಕೊಂಡು ಶಾಲು ಕೇಳಿದರು. ವಿರೂಪಾಕ್ಷಮ್ಮ ಬೇಗ ತಂದುಕೊಟ್ಟು, ಅಯ್ಯಪ್ಪನನ್ನು ಕೂಗಿದರು. ಬಾಲಪ್ಪ ಆರಿದ ಚಹಾ ಎತ್ತಿ ಕುಡಿದ.

ಕುಷ್ಟಗಿಯಲ್ಲಿ ಇಬ್ಬರೂ ಒಂದೇ ಕಂಬಳಿಯ ಮೇಲೆ ಕೂತು, ಹೇಳದೆ ಎದ್ದು ಬಂದರು. ಪಕ್ಕೀರಪ್ಪನ ಮಗಳು ಕವಿತಾ ಬಾಗಿಲವರೆಗೆ ಬಂದು, ಬರುತ್ತೀರೆಂದು ಅವ್ವ ದಿನಾ ಬಾಗಿಲು ನೋಡುತ್ತಿದ್ದಳು ಎಂದಳು.

ಬಾಲಪ್ಪನ ಊರಿನ ಅಗಸಿ ಬಾಗಿಲಲ್ಲಿ ಅಯ್ಯಪ್ಪ ಕಾರು ನಿಲ್ಲಿಸಿದ. ಬಾಲಪ್ಪ ಇಳಿದು, ಕಟ್ಟೆಯ ಮೇಲಿದ್ದ ತನ್ನ ಪಕ್ಷದವರಿಗೂ ಕೇಳುವಂತೆ ಹೇಳಿದ:

“ಬರ್ತೀನ್ರಿ ಸಾಹುಕಾರ್ರ.”